ಅರ್ಧ ಬೆಂಚಿನ ಪಟ

ಹಿಂದೆ, ನಿಮ್ಮ ಅಜ್ಜಂದಿರು ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲಕ್ಕೆ, ಹೊಳೆಯಾಚೆ ಒಂದು ಊರು. ಆ ಊರಿನಲ್ಲಿ ಪಟದ ಮೋನಪ್ಪಾಚಾರಿ ಅಂತ ಒಬ್ಬನಿದ್ದನಂತೆ. ಮೂರು ಕಾಲಿನ ಕ್ಯಾಮೆರಾ, ಒಂದು ಕರಿ ಬಟ್ಟೆ, ಒಂದು ತೇಗದ ಬೆಂಚು, ಅಷ್ಟೇ ಅವನ ಆಸ್ತಿ. ಅವನು ಬಟ್ಟೆಯೊಳಗೆ ತಲೆ ಹಾಕಿದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತಂತೆ. ಅದನ್ನು ನಾನು ಪೂರಾ ನಂಬುವುದಿಲ್ಲ. ಈಗ ಹೇಳುವುದನ್ನು ಮಾತ್ರ ನಂಬುತ್ತೇನೆ.

ಅದೇ ಊರಿನಲ್ಲಿ ಇಬ್ಬರು ಜೀವದ ಗೆಳೆಯರು. ನಾಟಕದ ಹಾಡುಗಳಿಗೆ ರಾಗ ಕಟ್ಟುವ ವಿರೂಪಣ್ಣ, ಕಾದಂಬರಿ ಬರೆಯುವ ಭೀಮಸೇನರಾಯ. ವಿರೂಪಣ್ಣ ನಾಟಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದಾಗಲೇ ಮನೆಯಲ್ಲಿ ಅವನ ಮಗಳು ಜ್ವರದಿಂದ ತೀರಿಕೊಂಡಿದ್ದಳು. ಆ ಸಂಕಟವನ್ನು ಅವನು ರಾಯನೊಬ್ಬನ ಮುಂದೆ ತೋಡಿಕೊಂಡಿದ್ದ. ರಾಯ ಅದನ್ನೇ ಕಾದಂಬರಿ ಮಾಡಿದ. ಹೆಸರು ಬೇರೆ ಇಟ್ಟರೇನು, ಊರಿಗೆ ಗೊತ್ತಾಗದೆ ಇರುತ್ತದೆಯೇ? ಅಂದಿನಿಂದ ಇಬ್ಬರ ನಡುವೆ ಮಾತು ನಿಂತುಹೋಯಿತು.

ವರ್ಷಗಳು ಉರುಳಿ, ವಿರೂಪಣ್ಣನಿಗೆ ಎದೆರೋಗ ಹತ್ತಿತು. ಅವನು ಒಮ್ಮೆಯೂ ಪಟ ತೆಗೆಸಿಕೊಂಡವನಲ್ಲ. ಒಂದು ಬೆಳಿಗ್ಗೆ ಹೆಂಡತಿ ಗೌರವ್ವನ ಹೆಗಲು ಹಿಡಿದು ಮೋನಪ್ಪಾಚಾರಿಯ ಬಳಿ ಬಂದು, ರಾಯನ ಜೊತೆಗೆ ಒಂದೇ ಪಟ ಬೇಕು ಎಂದನಂತೆ. ಹೇಳಿಕಳಿಸಿದರೆ ರಾಯ ಬರಲಿಲ್ಲ. ಯಾವ ಮುಖ ಹೊತ್ತು ಬರಲಿ ಎಂದು ಬಾಗಿಲು ಹಾಕಿಕೊಂಡ. ಆಗ ಮೋನಪ್ಪಾಚಾರಿ ಕ್ಯಾಮೆರಾದಲ್ಲಿ ಪಟ ಹಿಡಿಯುವ ಗಾಜಿನ ಪ್ಲೇಟಿನ ಅರ್ಧಕ್ಕೆ ಮರೆ ಕಟ್ಟಿ, ವಿರೂಪಣ್ಣನನ್ನು ಬೆಂಚಿನ ಒಂದು ತುದಿಗೆ ಕೂರಿಸಿ ತೆಗೆದ. ಉಳಿದರ್ಧ ರಾಯ ಬಂದಾಗ ಅಂತ, ಪ್ಲೇಟನ್ನು ಪಟ ಮೂಡಿಸುವ ಮದ್ದಿನ ನೀರಿನಲ್ಲಿ ತೊಳೆಯದೆ ಕತ್ತಲ ಪೆಟ್ಟಿಗೆಯಲ್ಲಿಟ್ಟ. ವಿರೂಪಣ್ಣ ಬೆಂಚಿನ ನಡುವೆ ಅಂಗೈ ತೆರೆದಿಟ್ಟು ಕೂತಿದ್ದನಂತೆ.

ರಾಯ ಬರುವ ಮೊದಲೇ ವಿರೂಪಣ್ಣ ಹೋದ. ಹೂ ಹಾಕಲು ಪಟ ಬೇಕು, ತೊಳೆದು ಕೊಡು ಎಂದು ನಾಟಕದವರು ಜಗಳಕ್ಕೇ ಬಂದರು. ತೊಳೆದರೆ ರಾಯನ ಜಾಗ ಎಂದೆಂದಿಗೂ ಖಾಲಿ. ಕಾದರೆ ಪ್ಲೇಟು ಮಸುಕಾಗುತ್ತದೆ. ಮುಂದೆ ತೆಗೆಯುವಾಗ ಮರೆ ಕೂದಲೆಳೆಯಷ್ಟು ಸರಿದರೂ ವಿರೂಪಣ್ಣನ ಇದ್ದೊಂದು ಮುಖವೂ ಬೆಳಕಿಗೆ ಅಳಿಸಿಹೋಗುತ್ತದೆ. ಮೋನಪ್ಪಾಚಾರಿಗೆ ಅನ್ನ ಸೇರಲಿಲ್ಲ. ಕೊನೆಗೆ ಗೌರವ್ವನನ್ನೇ ಕೇಳಿದ.

"ಅವ್ರು ಜಾಗಾ ಬಿಟ್ಟು ಕುಂತಿದ್ರು, ಆಚಾರ್ರ. ಅದನ್ನ ನಾ ಯಾಕ ಮುಚ್ಚಲಿ? ಕಾಯೂನು" ಅಂದಳಂತೆ.

ಆಚಾರಿ ನೆಟ್ಟಗೆ ರಾಯನ ಮನೆಗೆ ನಡೆದ. ಮುಚ್ಚಿದ ಬಾಗಿಲಿನ ಹೊರಗೇ ನಿಂತು, "ರಾಯರ, ಅವ್ರು ಕೈ ಚಾಚಿ ಕುಂತಾರ್ರಿ. ಕೈ ಇನ್ನೂ ಹಂಗ ಐತಿ" ಎಂದ. ಬಾಗಿಲು ತೆರೆಯಿತು. ರಾಯ ಚಪ್ಪಲಿ ಕೂಡ ಮೆಟ್ಟದೆ ಬಂದನಂತೆ.

ಆಚಾರಿ ಮರೆಯನ್ನು ಪ್ಲೇಟಿನ ಇನ್ನರ್ಧಕ್ಕೆ ಬದಲಿಸಿದ. ರಾಯ ಇನ್ನೊಂದು ತುದಿಗೆ ಕೂತು, ಕೈ ಎಲ್ಲಿತ್ತು ಎಂದು ಕೇಳಿದ. ಆಚಾರಿ ತೋರಿಸಿದ. ರಾಯ ಆ ಖಾಲಿ ಹಲಗೆಯ ಮೇಲೆ ಕೈಯಿಟ್ಟು ಉಸಿರು ಹಿಡಿದ. ಅತ್ತರೆ ಪಟ ಕದಡುತ್ತದೆ ಎಂದು ಆಚಾರಿ ಹೇಳಿದ್ದ. ಕ್ಯಾಮೆರಾದ ಕಣ್ಣಿಗೆ ಮುಚ್ಚಳ ಹಾಕುವವರೆಗೆ ಕಂಬದಂತೆ ಕೂತಿದ್ದು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತನಂತೆ.

ಪ್ಲೇಟು ತೊಳೆದಾಗ ಇಬ್ಬರೂ ಒಂದೇ ಬೆಂಚಿನಲ್ಲಿದ್ದರು. ಕೈಯ ಮೇಲೆ ಕೈ ಕೂತಿತ್ತಂತೆ. ಅದು ಆಗದ ಮಾತು, ಮರೆಯ ನೆರಳಿರಬೇಕು ಎಂದು ಕ್ಯಾಮೆರಾ ಬಲ್ಲವರು ಹೇಳುತ್ತಾರೆ. ಹೇಳಲಿ ಬಿಡಿ. ಗೌರವ್ವ ಆ ಪಟಕ್ಕೆ ಹೂ ಹಾಕಲಿಲ್ಲ. ಅದರಲ್ಲಿ ಒಬ್ಬರು ಇನ್ನೂ ಬದುಕಿದ್ದಾರಲ್ಲ ಎಂದಳಂತೆ.

ಇಂದಿಗೂ ಆ ಊರಿನಲ್ಲಿ ಒಬ್ಬರೇ ಪಟ ತೆಗೆಸಿಕೊಳ್ಳುವಾಗ ನಡುವೆ ಕೂರುವುದಿಲ್ಲ. ಒಂದು ತುದಿಗೆ ಸರಿದು, ಪಕ್ಕದಲ್ಲಿ ಅಂಗೈ ತೆರೆದಿಟ್ಟು ಕೂರುತ್ತಾರೆ. ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ.