ಬೆನ್ನು ತೋರಿಸದ ಚಂದಮಾಮ

ಚಂದ್ರನನ್ನು ಆಕಾಶಕ್ಕೆ ಏರಿಸಿದ ದಿನ ಏಣಿ ಹಿಡಿದು ನಿಂತಿದ್ದವನು ನಾನೇ. ನಾನು ಕೈ ಬಿಟ್ಟಿದ್ದರೆ ಅವನು ಇವತ್ತಿಗೂ ನಿಮ್ಮ ಹಿತ್ತಲಲ್ಲೇ ಬಿದ್ದಿರುತ್ತಿದ್ದ. ಹೂಂ, ಸುಳ್ಳು. ಏಣಿ ಕಂಡರೇ ನನಗೆ ತಲೆ ಸುತ್ತುತ್ತದೆ. ಆದರೆ ಇನ್ನು ಮುಂದೆ ಹೇಳುವುದೆಲ್ಲ ನಿಜ. ದಿಂಬು ಸರಿಮಾಡಿಕೊಂಡು ಕೇಳು ಪುಟ್ಟಿ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಗಾಳಿಗೆ ಬೇರೆ ಕೆಲಸವಿರಲಿಲ್ಲ. ಊರೂರು ಅಲೆದು ಸುದ್ದಿ ಹೊತ್ತು ತರುತ್ತಿತ್ತು. ಊರುಗಳೇ ಇರಲಿಲ್ಲ ಅನ್ನುತ್ತೀಯಾ? ಅದಕ್ಕೇ ಅಷ್ಟು ಅಲೆಯಬೇಕಾಗುತ್ತಿತ್ತು.

ಆಗ ಭೂಮಿತಾಯಿಗೆ ಒಂದು ಮಗುವಿತ್ತು. ಅದರ ಹೆಸರು ಕಡಲು. ಭೂಮಿತಾಯಿಗೆ ಒಬ್ಬ ತಮ್ಮನೂ ಇದ್ದ. ಅವನೇ ಚಂದ್ರ. ಅಕ್ಕನ ಮಗುವನ್ನು ನೋಡಿಕೊಳ್ಳುವುದು ಅವನ ಕೆಲಸ. ಕಡಲಿಗೆ ಅವನು ಸೋದರಮಾವ, ಚಂದಮಾಮ.

ಆಗ ಅವನು ಇಷ್ಟು ದೂರದಲ್ಲಿರಲಿಲ್ಲ. ತೊಟ್ಟಿಲ ಪಕ್ಕದಲ್ಲೇ ಇದ್ದ. ಆಕಾಶದ ತುಂಬ ಅವನೇ. ಒಂದು ಕಡೆ ನೆಟ್ಟಗೆ ನಿಲ್ಲುವವನೂ ಅಲ್ಲ. ಬುಗುರಿಯಂತೆ ಗಿರಗಿರ ತಿರುಗುತ್ತಿದ್ದ. ಒಂದು ಸಲ ಮುಖ, ಒಂದು ಸಲ ಬೆನ್ನು. ಒಂದು ಸಲ ಮುಖ, ಒಂದು ಸಲ ಬೆನ್ನು.

ಒಂದು ದಿನ ಗಾಳಿ ಸುದ್ದಿ ತಂದಿತು.

"ಚಂದ್ರಣ್ಣಾ, ವಿಷಯ ಗೊತ್ತಾ? ದೂರದಲ್ಲಿ ಶನಿಯಣ್ಣ ಇದ್ದಾನಲ್ಲ, ಅವನು ಸೊಂಟಕ್ಕೆ ಉಡಿದಾರ ಕಟ್ಕೊಂಡಿದ್ದಾನೆ. ಫಳಫಳ ಅನ್ನುತ್ತೆ! ನೋಡೋಕೆ ಎರಡು ಕಣ್ಣು ಸಾಲದು."

ಚಂದ್ರನಿಗೆ ಆಸೆಯಾಯಿತು. ಹುಟ್ಟಿದಾಗಿನಿಂದ ಅವನು ತೊಟ್ಟಿಲು ಬಿಟ್ಟು ಎಲ್ಲಿಗೂ ಹೋದವನಲ್ಲ.

"ಅಕ್ಕಾ, ನಾನು ಶನಿಯಣ್ಣನ ಮನೆಗೆ ಹೋಗ್ತೀನಿ ಕಣೇ."

"ಹೋಗ್ತೀನಿ ಅಂತ ಯಾರಾದ್ರೂ ಅಂತಾರೇನೋ? ಹೋಗ್ಬರ್ತೀನಿ ಅನ್ನು," ಅಂದಳು ಅಕ್ಕ. "ನಾನೇನೂ ಬೇಡ ಅನ್ನಲ್ಲ. ಆದ್ರೆ ಮಗು ಮಲಗಲಿ. ದಡದಲ್ಲಿ ಗರಿಕೆ ಈಗ ತಾನೇ ಕಣ್ಣು ಬಿಟ್ಟಿದೆ. ನನ್ನ ಮೈಮೇಲೆ ಇರೋ ಹಸಿರು ಅದೊಂದೇ. ಮಗು ಎದ್ದು ಹೊರಳಾಡಿದ್ರೆ ಅದೂ ಉಳಿಯಲ್ಲ."

ದಡದಲ್ಲಿ ಒಂದೇ ಒಂದು ಎಳೆ ಗರಿಕೆ. "ಮಾಮಾ, ಮೆತ್ತಗೆ," ಅಂದಿತು ಅದು.

ಚಂದ್ರ ಜೋ ಜೋ ಅಂದ. ಕಡಲು ಕಣ್ಣು ಮುಚ್ಚಿತು. ಅವನು ಗಿರಕ್ಕನೆ ತಿರುಗಿ ಹೊರಟೇಬಿಟ್ಟ.

ಕಡಲು ಅರೆಗಣ್ಣು ಬಿಟ್ಟಿತು. ಕಂಡದ್ದು ಬೆನ್ನು. "ಮಾಮಾ!" ಎಂದು ಬೆಟ್ಟದೆತ್ತರ ಎದ್ದು ನಿಂತಿತು. ದಡ ಮುಳುಗಿತು. ಗರಿಕೆ ಮುಳುಗಿತು.

ಚಂದ್ರ ಓಡೋಡಿ ಬಂದ. ತಟ್ಟಿದ, ಮುದ್ದು ಮಾಡಿದ. ನೀರು ಇಳಿದಾಗ ಗರಿಕೆ ಉಪ್ಪುನೀರು ಕುಡಿದು ಹಳದಿಯಾಗಿ ಮಲಗಿತ್ತು.

"ಮಾಮಾ, ಬೇರು ಇನ್ನೂ ಇದೆ," ಅಂದಿತು ಸಣ್ಣ ದನಿಯಲ್ಲಿ. "ಆದ್ರೆ ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಗಾಳಿಗೆ ಬುದ್ಧಿ ಹೇಳುವ ಚಪಲ. "ಮೋಡ ಹೊದ್ಕೊಂಡು ಓಡಿಬಿಡು. ಮಗೂಗೆ ಕಾಣೋದೇ ಇಲ್ಲ."

ಚಂದ್ರ ಮೋಡ ಹೊದ್ದುಕೊಂಡು ಹೊರಟ. ಕಡಲು ನಿದ್ದೆಯಲ್ಲೇ ಕೈ ಚಾಚಿ ಮಾಮನಿಗಾಗಿ ತಡಕಾಡಿತು. ಆ ಕೈಯ ನೀರು ಗರಿಕೆಯ ಬುಡಕ್ಕೆ ಬಂದು ತಾಕಿತು. ಚಂದ್ರ ಗಾಬರಿಯಾಗಿ ಮೋಡ ಕಿತ್ತೆಸೆದು ವಾಪಸ್ಸು ಬಂದ. ಮುಖ ಸಪ್ಪಗಾಗಿತ್ತು.

"ನಾನು ಎಲ್ಲಿಗೂ ಹೋಗಲ್ಲ ಬಿಡಕ್ಕಾ."

ಭೂಮಿತಾಯಿಗೆ ನಗು ಬಂತು. "ಮಾವಂದಿರೆಲ್ಲ ಹೀಗೇ. ಮಗು ಆಡ್ಸೋಕೆ ಬರುತ್ತೆ, ಮಲಗಿಸಿ ಎದ್ದು ಬರೋಕೆ ಬರಲ್ಲ. ಇಲ್ಲಿ ಕೇಳು. ತಟ್ಟೋ ಕೈ ಒಂದೇ ಸಲ ತೆಗೀಬಾರ್ದು. ಮೆತ್ತಗೆ ತಟ್ಟು. ಇನ್ನೂ ಮೆತ್ತಗೆ ತಟ್ಟು. ಆಮೇಲೆ ಕೈ ಸುಮ್ನೆ ಇಟ್ಟಿರು. ಏಳುವಾಗ ಮುಖ ಮಗು ಕಡೆಗೇ ಇರ್ಲಿ, ಹೆಜ್ಜೆ ಮಾತ್ರ ಹಿಂದಕ್ಕೆ. ಬೆನ್ನು ತೋರಿಸಿದ್ಯೋ, ಕೆಟ್ಟೆ. ತಗೋ, ತೊಟ್ಟಿಲು ಅಲುಗದ ಹಾಗೆ ನಾನೂ ಸ್ವಲ್ಪ ನಿಧಾನವಾಗಿ ತಿರುಗ್ತೀನಿ."

ಭೂಮಿತಾಯಿ ನಿಧಾನವಾಗಿ ತಿರುಗಿದಳು. ಹಗಲು ಉದ್ದವಾಯಿತು, ರಾತ್ರಿಯೂ ಉದ್ದವಾಯಿತು.

ಚಂದ್ರ ಮೆತ್ತಗೆ ತಟ್ಟಿದ. ಇನ್ನೂ ಮೆತ್ತಗೆ ತಟ್ಟಿದ. ಅವನ ಗಿರಗಿರ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಕೊನೆಗೆ ಅವನ ಮುಖ ಮಗುವಿನ ಕಡೆಗೇ ನಿಂತಿತು.

"ಬರ್ತೀನಿ," ಅಂದ ಪಿಸುಮಾತಿನಲ್ಲಿ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟ.

ಕಡಲು ಕಣ್ಣು ತೆರೆಯಿತು. ಗರಿಕೆ ಉಸಿರು ಬಿಗಿಹಿಡಿಯಿತು.

ಕಡಲಿಗೆ ಮಾಮನ ಮುಖ ಕಂಡಿತು. ಉಸ್ಸೆಂದು ಉಸಿರು ಬಿಟ್ಟು ಮತ್ತೆ ಮಲಗಿತು.

ಇನ್ನೊಂದು ಹೆಜ್ಜೆ. ಉಸ್ಸ್. ಮತ್ತೊಂದು ಹೆಜ್ಜೆ. ಉಸ್ಸ್.

ಗರಿಕೆ ತಲೆ ಎತ್ತಿತು. ಪಕ್ಕದಲ್ಲಿ ಇನ್ನೊಂದು ಎಳೆ ಮೂಡಿತು. ಅದರ ಪಕ್ಕದಲ್ಲಿ ಮತ್ತೊಂದು. ಹಸಿರು ದಡ ಹತ್ತಿತು, ಬಯಲು ದಾಟಿತು, ಬೆಟ್ಟದ ಬುಡಕ್ಕೆ ಹೋಗಿ ಅದೂ ಮಲಗಿತು.

ಎಷ್ಟೋ ಕಾಲದ ಮೇಲೆ ಗಾಳಿ ಅತ್ತ ಬಂದು ನಕ್ಕಿತು. "ಏನ್ ಚಂದ್ರಣ್ಣಾ, ಉಗುರು ಬೆಳೆಯೋ ಹಾಗೆ ನಡೀತಿದ್ದೀಯಲ್ಲ! ಹಿಂಗಾದ್ರೆ ಶನಿಯಣ್ಣನ ಮನೆ ಸೇರೋದು ಯಾವಾಗ?"

"ಶ್! ಉಡಿದಾರ ಎಲ್ಲಿಗೂ ಓಡಿಹೋಗಲ್ಲ," ಅಂದ ಚಂದ್ರ, ಮಗುವಿನಿಂದ ಕಣ್ಣು ತೆಗೆಯದೆ. "ಈಗ ತಾನೇ ಮಲಗಿದೆ."

ಅದಕ್ಕೇ ಪುಟ್ಟಿ, ಚಂದಮಾಮ ಇವತ್ತಿಗೂ ನಮಗೆ ಬೆನ್ನು ತೋರಿಸುವುದಿಲ್ಲ. ಯಾವ ಹುಣ್ಣಿಮೆಯಲ್ಲಿ ನೋಡಿದರೂ ಅದೇ ಮುಖ, ಅದೇ ಕಲೆ. ಅಮಾವಾಸ್ಯೆಯ ದಿನ ದೀಪ ಆರಿಸಿರುತ್ತಾನೆ, ಅಷ್ಟೇ; ಮುಖ ಇತ್ತಲೇ ಇರುತ್ತದೆ. ಕಡಲು ದಿನಕ್ಕೆರಡು ಸಲ ಮೈ ಎತ್ತಿ ಮಾಮ ಇದ್ದಾನೋ ಇಲ್ಲವೋ ನೋಡುತ್ತದೆ, ಇದ್ದಾನೆ ಎಂದು ಇಳಿದು ಮಲಗುತ್ತದೆ. ಅವನು ಮಾತ್ರ ಉಗುರು ಬೆಳೆಯುವಷ್ಟು ಮೆಲ್ಲಗೆ, ಒಂದೊಂದೇ ಹೆಜ್ಜೆ, ಈಗಲೂ ಹಿಂದಕ್ಕೆ ಸರಿಯುತ್ತಲೇ ಇದ್ದಾನೆ.

ಪುಟ್ಟಿ? ಮಲಗಿದೆಯಾ?

ಸರಿ. ನೋಡು, ನಾನೂ ಬೆನ್ನು ತೋರಿಸುತ್ತಿಲ್ಲ. ಹಿಂದಕ್ಕೆ ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಬಾಗಿಲ ಹತ್ತಿರ ಬಂದೆ. ಬೆಳಿಗ್ಗೆ ಎದ್ದಾಗ ಮರೆಯದೆ ನಿಮ್ಮಪ್ಪನಿಗೆ ಹೇಳು: ಮಾಮ ನನ್ನನ್ನು ಮಲಗಿಸಿದ್ದಾನೆ, ಅದರ ಕೂಲಿಗೆ ಅವನ ಟೀ ದುಡ್ಡು ನೀವೇ ಕೊಡಿ ಅಂತ.