ಕಾರಿನ ಏಕಾದಶಿ

ನಂಜನಗೂಡಿನ ಗೋವರ್ಧನಾಚಾರ್ಯರಿಗೆ ತಮ್ಮ ಹಳೇ ಡೀಸೆಲ್ ಕಾರೆಂದರೆ ಪಂಚಪ್ರಾಣ. ಪ್ರತಿ ಶುಕ್ರವಾರ ಅದಕ್ಕೆ ಪೂಜೆ ಮಾಡಿ, ಅತಿಥಿಗೆ ತುಪ್ಪ ಬಡಿಸಿದ ಹಾಗೆ ಎಂಜಿನ್‌ಗೆ ಕೈಯಾರೆ ಆಯಿಲ್ ಬಡಿಸುತ್ತಿದ್ದರು. ಸಾಕು ಅನ್ನಲು ಕಾರಿಗೆ ಬಾಯಿಲ್ಲ. ಕೊನೆಗೆ ಒಂದು ದಿನ ಸ್ಟಾರ್ಟ್ ಮಾಡಿದೊಡನೆ ನಿಂತಲ್ಲೇ ನೀಲಿ ಹೊಗೆ ಉಗುಳತೊಡಗಿತು.

“ಇದು ನಿನ್ನ ಕಾಲಿನ ದೋಷ ಕಣಯ್ಯ,” ಎಂದರು ಡ್ರೈವರ್ ಮರಿಸ್ವಾಮಿಗೆ. “ಬರೋ ಏಕಾದಶಿಗೆ ಮಠದ ಗುರುಗಳು ಇದರಲ್ಲಿ ಕೂರ್ತಾರೆ. ಅವತ್ತು ಹೊಗೆ ಕಂಡರೆ ನೀನು ಮಾರನೇ ದಿನ ಬರಲೇಬೇಡ.”

ಮರಿಸ್ವಾಮಿ ಆಯಿಲ್ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿದ. ಆಯಿಲ್ ಮೇಲಿನ ಗೆರೆ ದಾಟಿ ಎರಡು ಬೆರಳು ಏರಿತ್ತು. ಹೆಚ್ಚಾದದ್ದೇ ಉರಿದು ಹೊಗೆಯಾಗುತ್ತಿದೆ. ಆದರೆ ಬಡಿಸಿದ ಧಣಿಯ ಕೈಯನ್ನು ದೂರಿ ಕೆಲಸ ಉಳಿಸಿಕೊಂಡವರುಂಟೆ?

“ಸ್ವಾಮಿ, ಇದು ಅಜೀರ್ಣ,” ಎಂದ. “ನಿಮ್ಮಂಥವರ ಮನೆ ಕಾರು, ಒಂದು ಏಕಾದಶೀನೂ ಹಿಡಿದಿಲ್ಲ.”

ಆಚಾರ್ಯರು ಕೆನ್ನೆ ಬಡಿದುಕೊಂಡರು. “ನನಗೆ ಹೊಳೀಲೇ ಇಲ್ವಲ್ಲೋ. ಈಗೇನು ಮಾಡೋಣ?”

“ಹೊಟ್ಟೆ ಸ್ವಲ್ಪ ಇಳಿಸ್ತೀನಿ. ಆಮೇಲೆ ನಾನು ಹೇಳೋವರೆಗೆ ತೊಟ್ಟೂ ಬಡಿಸಬೇಡಿ.”

ಅವನು ಎಂಜಿನ್ ಕೆಳಗಿನ ಬೋಲ್ಟ್ ಸಡಿಲಿಸಿ, ಗೆರೆಯವರೆಗೆ ಆಯಿಲ್ ಇಳಿಸಿದ. ಊರಾಚೆ ಒಂದು ಸುತ್ತು ಓಡಿಸಿ ಬರುವಷ್ಟರಲ್ಲಿ ಹೊಗೆ ನಿಂತಿತು.

ಏಕಾದಶಿಯಂದು ಕಾರು ಮಠದ ಬಾಗಿಲಲ್ಲಿ ಹೊಗೆಯಿಲ್ಲದೆ ಗುರುಗುಟ್ಟುತ್ತ ನಿಂತಿತ್ತು. ಆಚಾರ್ಯರು ಬಂದವರಿಗೆಲ್ಲ ವ್ರತದ ಮಹಿಮೆ ವಿವರಿಸಿ ಹಿಂದೆ ತಿರುಗಿದರೆ, ಮರಿಸ್ವಾಮಿ ಡಿಕ್ಕಿಗೆ ಒರಗಿ ಇಡ್ಲಿ ತಿನ್ನುತ್ತಿದ್ದ.

“ಕಾರೇ ಉಪವಾಸ ಇದೆ, ನಿನಗೇನೋ ಬಂತು?”

ಮರಿಸ್ವಾಮಿ ನಿಧಾನವಾಗಿ ಚಟ್ನಿ ಒರೆಸಿಕೊಂಡ. “ಉಪವಾಸದ ಕಾರು ದಾರಿಯಲ್ಲಿ ಸುಸ್ತಾಗಿ ನಿಂತರೆ, ತಳ್ಳೋರು ಯಾರು ಸ್ವಾಮಿ?”