ಹತ್ತು ತಿಂಗಳು ತಡೆದ ನಗು

"ಗುರುಗಳೇ, ನಾಲ್ಕು ಭಾಷೆಗಳ ವ್ಯಾಕರಣ ಓದಿ ಮುಗಿಸಿದ್ದೇನೆ. ಎರಡು ಪೂರ್ವದ ಸಮುದ್ರದ ಕಡೆಯವು, ಒಂದು ಹಿಮಾಲಯದ ತಪ್ಪಲಿನದು, ಇನ್ನೊಂದು ಆಫ್ರಿಕದ್ದು. ಒಂದರಲ್ಲೂ ಬಾಯಿ ತೆರೆದಿಲ್ಲ. ತಪ್ಪಿಲ್ಲದೆ ಮಾತಾಡುವಷ್ಟು ಕಲಿತ ಮೇಲೆಯೇ ಆ ಜನರ ನಡುವೆ ಹೋದರಾಗದೆ?" ಎಂದು ಶಿಷ್ಯೆ ಕೇಳಿದಳು. ಅವಳ ಮಡಿಲಲ್ಲಿ ಆರು ನೋಟುಪುಸ್ತಕಗಳಿದ್ದವು.

ಗುರುಗಳು ಈ ಕತೆ ಹೇಳಿದರು.

ಒಂದು ವಿದ್ಯಾಪೀಠದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ದೂರದ ದ್ವೀಪವೊಂದರಲ್ಲಿ ಕೆಲವೇ ನೂರು ಜನ ಆಡುವ ಭಾಷೆಯೊಂದಿತ್ತು. ಅದಕ್ಕೆ ಕಟ್ಟಳೆಯೇ ಇಲ್ಲ, ಪದಗಳನ್ನು ಹೇಗೆ ಜೋಡಿಸಿದರೂ ನಡೆಯುತ್ತದೆ ಎಂದು ವಿದ್ಯಾಪೀಠದ ಹಿರಿಯ ಪಂಡಿತರು ಬರೆದಿದ್ದರು. ಕಟ್ಟಳೆಯಿಲ್ಲದ ಮಾತಿನಲ್ಲಿ ಮಕ್ಕಳಿಗೆ ಪಾಠ ಹೇಳುವುದು ಹೇಗೆ? ಹಾಗಾಗಿ ದ್ವೀಪದ ಶಾಲೆಯಲ್ಲಿ ಆ ಭಾಷೆಯನ್ನು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ವಿದ್ಯಾರ್ಥಿನಿ ಒಪ್ಪಲಿಲ್ಲ. ಪಂಡಿತರು ಅವಳಿಗೆ ಒಂದು ವರ್ಷ ಕೊಟ್ಟರು. ಕಟ್ಟಳೆ ಇದ್ದರೆ ತಂದು ತೋರಿಸು, ಇಲ್ಲದಿದ್ದರೆ ಶಾಲೆಯ ಮಾತು ಮತ್ತೆ ಎತ್ತಬೇಡ ಎಂದರು.

ಅವಳು ದ್ವೀಪಕ್ಕೆ ಹೋಗಿ ಚಾಪೆ ಹೆಣೆಯುವ ಒಬ್ಬ ಅಜ್ಜಿಯ ಮನೆಯಲ್ಲಿ ಉಳಿದಳು. ದಿನವೂ ಒಂದಷ್ಟು ವಾಕ್ಯ ಕಟ್ಟಿ, ಹೀಗೆ ಹೇಳಬಹುದೇ ಎಂದು ಕೇಳುತ್ತಿದ್ದಳು. ಹೇಳಬಹುದು ಎಂದು ಅಜ್ಜಿ ಅನ್ನುತ್ತಿದ್ದಳು. ಅದನ್ನೇ ತಿರುಗಿಸಿ ಕೇಳಿದರೆ, ಹಾಗೂ ಹೇಳಬಹುದು. ನೆರೆಯವರನ್ನು ಕೇಳಿದರೆ ಅವರೂ ತಲೆಯಾಡಿಸುತ್ತಿದ್ದರು. ಹತ್ತು ತಿಂಗಳಲ್ಲಿ ಎರಡು ಸಾವಿರ ವಾಕ್ಯಗಳಾದವು. ಎಲ್ಲದರ ಮುಂದೆಯೂ ಸರಿ ಎಂಬ ಗುರುತು. ಒಂದು ದಿನ ಅವಳು ಪುಸ್ತಕವನ್ನು ಮೊದಲಿನಿಂದ ಓದಿದಳು. ಪಂಡಿತರು ಬರೆದದ್ದನ್ನೇ ಅವಳೂ ಬರೆದಿದ್ದಳು.

ಅದೇ ವಾರ ಅಜ್ಜಿಗೆ ಜ್ವರ ಬಂತು. ಆ ದ್ವೀಪದಲ್ಲಿ ಅತಿಥಿಗಳು ಉಂಡ ತಟ್ಟೆಯನ್ನು ತಾವೇ ತೊಳೆಯುವಂತಿಲ್ಲ. ಆದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ದಿನ ವಿದ್ಯಾರ್ಥಿನಿಯೇ ನೀರು ಹೊತ್ತಳು, ಒಲೆ ಹಚ್ಚಿದಳು, ಇಬ್ಬರ ತಟ್ಟೆಯನ್ನೂ ತೊಳೆದಳು. ನಾಲ್ಕನೆಯ ದಿನ ಅಜ್ಜಿ ಎದ್ದು ಕುಳಿತಳು. ಗಂಜಿ ಆರಿದೆ, ಕುಡಿಯಿರಿ ಎಂದು ವಿದ್ಯಾರ್ಥಿನಿ ಅವರ ಭಾಷೆಯಲ್ಲಿ ಹೇಳಿದಳು.

ಅಜ್ಜಿ ನಕ್ಕಳು. ಗಂಜಿ ಸೆರಗಿನ ಮೇಲೆ ಚೆಲ್ಲುವಷ್ಟು ನಕ್ಕಳು. ಏನಾಯಿತೆಂದು ಪಕ್ಕದ ಮನೆಯ ಹೆಂಗಸರು ಬಂದರು. ಅಜ್ಜಿ ಆ ಮಾತನ್ನು ಹಾಗೆಯೇ ಆಡಿ ತೋರಿಸಿದಳು. ಅವರೂ ನಕ್ಕರು.

ವಿದ್ಯಾರ್ಥಿನಿಯ ಮುಖ ಸಣ್ಣದಾಯಿತು. "ಅಜ್ಜಿ, ಇದೇ ಮಾತನ್ನು ಹೋದ ತಿಂಗಳು ಕೇಳಿದಾಗ ಸರಿ ಅಂದಿರಲ್ಲ?"

"ಆಗ ನೀನು ಮನೆಗೆ ಬಂದವಳು. ಬಂದವರ ತಪ್ಪು ಹಿಡಿಯುತ್ತಾರೇನೇ? ಈಗ ತಟ್ಟೆ ತೊಳೆದಿದ್ದೀಯ, ಮನೆಯವಳಾದೆ. ಹತ್ತು ತಿಂಗಳಿನಿಂದ ನಗು ತಡೆದು ತಡೆದು ನನ್ನ ಪಕ್ಕೆಯೆಲ್ಲ ನೋವು."

ವಿದ್ಯಾರ್ಥಿನಿ ಪುಸ್ತಕ ತಂದು ಅಲ್ಲಿಯೇ ಮೊದಲ ವಾಕ್ಯದಿಂದ ಓದತೊಡಗಿದಳು. ಹೆಂಗಸರು ಚಾಪೆ ಹೆಣೆಯುತ್ತಾ ಕೇಳಿದರು. ನಕ್ಕ ಕಡೆಯಲ್ಲೆಲ್ಲ ಅವಳು ಗೆರೆ ಎಳೆದಳು. ಅವರಲ್ಲಿ ಇಬ್ಬರಿಗೆ ಪರಸ್ಪರ ಆಗಿಬರುತ್ತಿರಲಿಲ್ಲ, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುತ್ತಿದ್ದರು. ಅವರಿಬ್ಬರೂ ನಕ್ಕದ್ದು ಅವೇ ವಾಕ್ಯಗಳಿಗೆ. ಎರಡು ತಿಂಗಳು ಹೀಗೆ ನಡೆಯಿತು. ಕಟ್ಟಳೆ ತಾನಾಗಿ ಎದ್ದು ಕಂಡಿತು.

ವರ್ಷ ತುಂಬಿದಾಗ ಅವಳು ಅಜ್ಜಿಯನ್ನೂ ಅದೇ ದ್ವೀಪದ ದೋಣಿಯವನೊಬ್ಬನನ್ನೂ ಕರೆದುಕೊಂಡು ವಿದ್ಯಾಪೀಠದ ಸಭೆಗೆ ಬಂದಳು. ಇಲ್ಲಿ ಮನೆಗೆ ಬಂದವರು ಯಾರು, ನಾವೋ ಅವರೋ ಎಂದು ಅಜ್ಜಿ ಬಾಗಿಲಲ್ಲೇ ವಿಚಾರಿಸಿದಳು. ನೀವೇ ಎಂದು ತಿಳಿದ ಮೇಲೆ, ಹಾಗಾದರೆ ನಗಲು ಅಡ್ಡಿಯಿಲ್ಲ ಎಂದು ಒಳಗೆ ಬಂದಳು.

ಯಾವ ವಾಕ್ಯಕ್ಕೆ ನಗು ಬರುತ್ತದೆಂದು ಬರೆದ ಪಟ್ಟಿಯನ್ನು ವಿದ್ಯಾರ್ಥಿನಿ ಮುಚ್ಚಿ ಸಭೆಗೆ ಕೊಟ್ಟಳು. ಸನ್ನೆ ಮಾಡಿಯಾಳೆಂದು ಪಂಡಿತರು ಅವಳನ್ನು ಹೊರಗೆ ಕಳಿಸಿದರು. ಅಜ್ಜಿಯನ್ನು ಒಂದು ಮೂಲೆಯಲ್ಲಿ, ದೋಣಿಯವನನ್ನು ಇನ್ನೊಂದು ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಕೂರಿಸಿದರು. ಅವಳ ವಾಕ್ಯಗಳ ಗೆರೆಯಿಲ್ಲದ ಪ್ರತಿಯಿಂದ ತಾವೇ ಪುಟ ಆರಿಸಿ ಗಟ್ಟಿಯಾಗಿ ಓದಿದರು. ಮೊದಲ ಮೂರಕ್ಕೆ ಇಬ್ಬರೂ ಸುಮ್ಮನಿದ್ದರು. ನಾಲ್ಕನೆಯದಕ್ಕೆ ಎರಡು ಮೂಲೆಯಿಂದಲೂ ನಗು ಒಟ್ಟಿಗೆ ಬಂತು. ಪಂಡಿತರು ನಲವತ್ತು ವಾಕ್ಯ ಓದಿದರು. ಆಮೇಲೆ ಪಟ್ಟಿ ಬಿಚ್ಚಿದರು. ಒಂದೂ ತಪ್ಪಿರಲಿಲ್ಲ.

ಪಂಡಿತರು ಬಾಗಿಲವರೆಗೆ ತಾವೇ ನಡೆದು ಹೋಗಿ ವಿದ್ಯಾರ್ಥಿನಿಯನ್ನು ಒಳಗೆ ಕರೆತಂದರು. ತಮ್ಮ ಪಕ್ಕದ ಪೀಠದಲ್ಲಿ ಕೂರಿಸಿದರು. ತಮ್ಮ ಹಳೆಯ ಬರಹವನ್ನು ತರಿಸಿ, ಸಭೆಯ ಎದುರು ಅದಕ್ಕೆ ಅಡ್ಡಗೆರೆ ಎಳೆದರು. ದ್ವೀಪದ ಶಾಲೆಯಲ್ಲಿ ಇಂದಿಗೂ ಆ ಭಾಷೆಯಲ್ಲೇ ಪಾಠ ನಡೆಯುತ್ತದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಯ ಮುಖ ಅರಳಿತ್ತು. ತಾನೂ ಅವಳಂತೆಯೇ ಆಗಬೇಕು, ಅದಕ್ಕಾಗಿಯೇ ಇಷ್ಟು ಸಿದ್ಧತೆ ಎಂದು ಹೇಳಿ ನೋಟುಪುಸ್ತಕಗಳನ್ನು ಅವರ ಮುಂದಿಟ್ಟಳು. ಗುರುಗಳು ಆರನ್ನೂ ನಿಧಾನವಾಗಿ ತಿರುವಿದರು. ಅಕ್ಷರ ದುಂಡಾಗಿತ್ತು. ಎಲ್ಲಿಯೂ ಒಂದು ಪದ ಹೊಡೆದುಹಾಕಿರಲಿಲ್ಲ.

ಅವರು ಪುಸ್ತಕಗಳನ್ನು ಅವಳಿಗೆ ಹಿಂದಿರುಗಿಸಿ ಕೇಳಿದರು: "ಇದರಲ್ಲಿ ನಿನ್ನ ಮಾತಿಗೆ ಜನ ನಕ್ಕ ಪುಟ ಯಾವುದು, ತಾಯಿ?"